ದ್ರಾಕ್ಷಿ ನೆನೆಹಾಕಿದ ದಿನಗಳು

ನಮ್ಮ ಮನೆಯಲ್ಲಿ ಅಪ್ಪ ಕುಡಿಯುತ್ತಿದ್ದ, ಅವ್ವ ಸಭೆಗೆ ಕರ್ತನ ಭೋಜನದ ರಸ ಮಾಡಿಕೊಡುತ್ತಿದ್ದಳು. ಎರಡೂ ಒಂದೇ ಸೂರಿನ ಕೆಳಗೆ ನಡೆಯುತ್ತಿದ್ದವು. ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿಯ ತುಂಡು ತಿಂದು, ಒಂದೇ ಬಟ್ಟಲಿನಿಂದ ದ್ರಾಕ್ಷಾರಸದ ಗುಟುಕು ಕುಡಿಯುವುದೇ ಕರ್ತನ ಭೋಜನ. ಆಗ ನೇಸರಗಿಯಲ್ಲಿ ನಮ್ಮ ಕ್ರೈಸ್ತ ಸಭೆಯೆಂದರೆ ಇಪ್ಪತ್ತು ಮನೆ. ಆ ಮನೆಗಳ ಗಂಡಸರಲ್ಲಿ ಅರ್ಧ ಮಂದಿ ಕುಡಿಯುವವರೇ. ಇದನ್ನು ನೋಡಿದ ಹಿಂದಿನ ಪಾದ್ರಿಯೊಬ್ಬರು, ಇಲ್ಲಿ ಬಟ್ಟಲಿಗೆ ಹುಳಿ ಬಂದ ದ್ರಾಕ್ಷಾರಸ ಬೇಡ, ಒಣದ್ರಾಕ್ಷಿ ನೆನೆಸಿ ಹಿಂಡಿದ ಸಿಹಿನೀರು ಸಾಕು ಎಂದು ಹೇಳಿ ಹೋಗಿದ್ದರು. ಆ ಕೆಲಸ ನನ್ನ ಆಯಿಗೆ, ಅಂದರೆ ಅಪ್ಪನ ಅವ್ವನಿಗೆ ಬಂತು. ಅವಳ ಕೈ ನಡುಗತೊಡಗಿದ ಮೇಲೆ ಅವ್ವನಿಗೆ ಬಂತು. ಕಪ್ಪು ಒಣದ್ರಾಕ್ಷಿಯನ್ನು ಮೂರು ನೀರಿನಲ್ಲಿ ತೊಳೆದು, ಹಿಂದಿನ ದಿನವೇ ತಂಬಿಗೆಯಲ್ಲಿ ನೆನೆಹಾಕಿ, ಮರುದಿನ ಬೆಳಿಗ್ಗೆ ಕೈಯಿಂದ ಹಿಸುಕಿ, ಬಿಳಿ ಅರಿವೆಯಲ್ಲಿ ಸೋಸಿ, ಒಂದು ಹಳೆಯ ಶರಬತ್ತಿನ ಬಾಟಲಿಗೆ ತುಂಬುತ್ತಿದ್ದಳು. ತುಂಬಿದ ಮೇಲೆ ಆಯಿ ಬಾಟಲಿಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಿದ್ದಳು. ಆ ಪ್ರಾರ್ಥನೆಯ ನಂತರ ಬಾಟಲಿಯನ್ನು ಯಾರೂ ಮುಟ್ಟುವಂತಿರಲಿಲ್ಲ.

ಆಯಿಯದು ಇನ್ನೊಂದು ಕಟ್ಟಳೆ ಇತ್ತು. ದ್ರಾಕ್ಷಿ ನೀರಿಗೆ ಬಿದ್ದ ಹೊತ್ತಿನಿಂದ ಅದು ಸಭೆಯ ಬಟ್ಟಲಿಗೆ ಸೇರುವವರೆಗೆ ಮನೆಯಲ್ಲಿ ಜಗಳವಾಡಕೂಡದು. ಉಳಿದ ದಿನಗಳಲ್ಲಿ ನಮ್ಮದು ಸದ್ದಿನ ಮನೆ. ಮುಂದೆ ಒಂದು ಪಡಸಾಲೆ, ಹಿಂದೆ ಒಂದು ಅಡುಗೆಮನೆ, ಮಣ್ಣಿನ ಮೇಲ್ಛಾವಣಿ, ಅದರಲ್ಲೊಂದು ಬೆಳಕಿಂಡಿ. ಅಪ್ಪ ಗೌಂಡಿ. ಊರವರ ಗೋಡೆಗಳಿಗೆಲ್ಲ ಗಿಲಾವು ಮಾಡಿ ನುಣುಪು ಮಾಡುತ್ತಿದ್ದವನ ಸ್ವಂತ ಮನೆಯ ಗೋಡೆಯಲ್ಲಿ ಕಲ್ಲುಗಳು ಎದ್ದು ಕಾಣುತ್ತಿದ್ದವು. ಅವ್ವ ಆ ಗೋಡೆಯಿಂದಲೇ ಜಗಳ ಶುರು ಮಾಡುತ್ತಿದ್ದಳು. ಗೋಡೆಯಿಂದ ಕುಡಿತಕ್ಕೆ, ಕುಡಿತದಿಂದ ಅಪ್ಪನ ಮನೆತನಕ್ಕೆ ಮಾತು ಹೋಗುತ್ತಿತ್ತು. ಮನೆತನದ ಹೆಸರು ಬಂದ ಕೂಡಲೇ ಆಯಿ ಅಡುಗೆಮನೆಯಿಂದ ಎದ್ದು ಬರುತ್ತಿದ್ದಳು. ನಮ್ಮ ಗೋಡೆಗೆ ಗೋಡೆ ಹಚ್ಚಿ ಖಾತೂನಬಿ ಎಂಬವರ ಮನೆಯಿತ್ತು. ತಿಂಗಳಿಗೊಮ್ಮೆ ಪಾದ್ರಿಗಳು ಬರುವ ಹಿಂದಿನ ದಿನ ಆಕೆ ಹಿತ್ತಿಲಿನಿಂದ ಇಣುಕಿ ನೋಡುತ್ತಿದ್ದಳು.

"ಏನ ರೂತವ್ವಾ, ಮನ್ಯಾಗ ಯಾರೂ ಇಲ್ಲೇನು? ಮುಂಜಾನಿಂದ ಒಂದ ದನಿ ಇಲ್ಲ."

"ಅದೀವಿ ಖಾತೂನಕ್ಕ. ದ್ರಾಕ್ಷಿ ನೆನಿಹಾಕೇನಿ" ಎನ್ನುತ್ತಿದ್ದಳು ಅವ್ವ.

"ಹಂಗಾರ ದಿನಾ ನೆನಿಹಾಕ ನಮ್ಮವ್ವಾ. ನಮ್ಮ ಮುದುಕಗ ಒಂದ ಜರಾ ನಿದ್ದಿ ಹತ್ತತೈತಿ."

ಅಪ್ಪ ಕುಡಿದು ಬಂದರೆ ಯಾರನ್ನೂ ಹೊಡೆಯುತ್ತಿರಲಿಲ್ಲ. ಪ್ರಾರ್ಥನೆ ಮಾಡುತ್ತಿದ್ದ. ಪಡಸಾಲೆಯ ನಡುವೆ ಮೊಣಕಾಲೂರಿ, ತಾನು ಪಾಪಿ, ತನ್ನಂಥ ಪಾಪಿ ಬೆಳಗಾವಿ ಜಿಲ್ಲೆಯಲ್ಲೇ ಇಲ್ಲ ಎಂದು ಅಳುತ್ತ, ಸತ್ತ ಅಜ್ಜನಿಂದ ಹಿಡಿದು ಕಟ್ಟುತ್ತಿರುವ ಮನೆಯ ಮಾಲೀಕರವರೆಗೆ ಒಬ್ಬೊಬ್ಬರ ಹೆಸರು ಹಿಡಿದು ಬೇಡಿಕೊಳ್ಳುತ್ತಿದ್ದ. ರೊಟ್ಟಿ ಆರಿ ಹಪ್ಪಳವಾಗುತ್ತಿತ್ತು, ಪುಂಡಿಪಲ್ಲೆ ತಣ್ಣಗಾಗುತ್ತಿತ್ತು. ಆಮೆನ್ ಎನ್ನುವವರೆಗೆ ನಾವು ಉಣ್ಣುವಂತಿರಲಿಲ್ಲ. ನನಗಾಗ ಹತ್ತು ವರ್ಷ, ಇನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಮೊದಲು ಅಪ್ಪನ ಕೆಲಸ ಇದ್ದಲ್ಲೆಲ್ಲ, ಸವದತ್ತಿ, ರಾಮದುರ್ಗ, ಮುನವಳ್ಳಿ ಎಂದು ಸಂಸಾರವೇ ತಿರುಗುತ್ತಿತ್ತು. ಆಯಿಗೆ ಆಗದೆ ನೇಸರಗಿಯಲ್ಲಿ ನಿಂತ ಮೇಲೆ ಅವ್ವ ನನಗೊಂದು ಕೆಲಸ ಹಚ್ಚಿದಳು. ಬೆಳಿಗ್ಗೆ ಅಪ್ಪನ ಜೊತೆ ಬುತ್ತಿ ಹೊತ್ತುಕೊಂಡು ಹೋಗುವುದು, ಸಂಜೆ ಅವನ ಜೊತೆಗೇ ಬರುವುದು. ಬಂದ ಕೂಡಲೇ ಅವ್ವ ನನ್ನ ಮುಖ ನೋಡುತ್ತಿದ್ದಳು. ಇವತ್ತು ವಾಸನೆ ಇತ್ತೋ ಇಲ್ಲವೋ ಎಂದು ನಾನು ತಲೆಯಾಡಿಸಿ ಹೇಳಬೇಕಿತ್ತು. ಉಳಿದ ಹುಡುಗರು ಅಕ್ಷರ ಕಲಿಯುವ ವಯಸ್ಸಿನಲ್ಲಿ ನಾನು ಆ ವಾಸನೆ ಕಲಿತೆ. ನಾಲ್ಕು ಮಾರು ದೂರದಿಂದ ಹೇಳುತ್ತಿದ್ದೆ.

ಆ ವರ್ಷ ಮುನವಳ್ಳಿಯಲ್ಲಿ ಒಬ್ಬ ವ್ಯಾಪಾರಸ್ಥರ ಮನೆ ಕಟ್ಟುವ ಕೆಲಸವಿತ್ತು. ಅಪ್ಪ ಮಧ್ಯಾಹ್ನದ ಊಟದ ನೆಪದಲ್ಲಿ ಎಲ್ಲಿಗೋ ಹೋಗಿ ಬಂದು ಕಟ್ಟಿದ ಗೋಡೆ ಅದು. ನಾಲ್ಕನೆಯ ದಿನ ಮಾಲೀಕರು ಬಂದು ದಾರಕ್ಕೆ ಗುಂಡು ಕಟ್ಟಿ ಮೇಲಿನಿಂದ ಇಳಿಬಿಟ್ಟರು. ಗೋಡೆ ಎರಡು ಬೆರಳು ಹೊರಗೆ ವಾಲಿತ್ತು. ಅಪ್ಪನಿಗೆ ತನ್ನ ಕೈಯ ಮೇಲೆ ಬಹಳ ಅಭಿಮಾನ. ಗುಂಡು ಇಲ್ಲದೆಯೂ ಬರೇ ಕಣ್ಣಿನಿಂದ ನೆಟ್ಟಗೆ ಕಟ್ಟುತ್ತೇನೆ ಎನ್ನುತ್ತಿದ್ದವನು. ಮಾಲೀಕರು ಬೈಯಲಿಲ್ಲ.

"ಯೋಸೇಫಪ್ಪ, ನೀ ಕಟ್ಟಿದ್ದು, ನೀನ ಬಿಚ್ಚು" ಎಂದರು ಅಷ್ಟೇ.

ಅಪ್ಪ ಬಿಚ್ಚಿದ. ಒಂದೊಂದೇ ಕಲ್ಲು ತೆಗೆದು, ಅಂಟಿದ ಗಾರೆ ಕೆರೆದು, ಸಾಲಾಗಿ ಹೊಂದಿಸಿಟ್ಟ. ಕಟ್ಟಲು ಮೂರು ದಿನ ಹಿಡಿದಿತ್ತು, ಬಿಚ್ಚಲು ಒಂದು ದಿನ ಹಿಡಿಯಿತು. ನಾನು ಕಲ್ಲಿನ ರಾಶಿಯ ಮೇಲೆ ಕುಳಿತು ನೋಡುತ್ತಿದ್ದೆ. ಅವನು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಅದು ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಶ್ರಮಕಾಲ ಶುರುವಾಗಿದ್ದ ವಾರ. ಭಾನುವಾರ ಸಭೆಯಲ್ಲಿ, ದೇವರು ತಮ್ಮ ಬಾಳಿನಲ್ಲಿ ಮಾಡಿದ್ದಕ್ಕೆ ಸಾಕ್ಷಿ ಹೇಳುವವರು ಎದ್ದು ಹೇಳಬಹುದು ಎಂದಾಗ ಅಪ್ಪ ಎದ್ದು ನಿಂತ. ಆರಾಧನೆ ನಡೆಸುತ್ತಿದ್ದವರು ಸಭೆಯ ಹಿರಿಯರಾದ ಸತ್ಯಪ್ಪ ಮಾಸ್ತರರು. ಪಾದ್ರಿಗಳಿಗೆ ಏಳು ಊರು ಇದ್ದದ್ದರಿಂದ ಉಳಿದ ಭಾನುವಾರಗಳು ಮಾಸ್ತರರ ಕೈಯಲ್ಲೇ ಇರುತ್ತಿದ್ದವು.

"ಈಸ್ಟರ್ ತನಕ ನಾ ಕುಡಿಯೂದಿಲ್ಲ" ಎಂದ ಅಪ್ಪ. "ಅದರ ಮುಂದಿಂದು ನನ್ನ ಕೇಳಬ್ಯಾಡ್ರಿ. ನನಗ ಗೊತ್ತಿಲ್ಲ."

"ಅಂದ್ರ ಈಸ್ಟರ್ ಮರುದಿನಾ ಏನ್ ಮಾಡಾಂವ?" ಎಂದರು ಮಾಸ್ತರರು. ಗಂಡಸರ ಕಡೆ ನಕ್ಕರು.

"ಮರುದಿನಾ ಮುಂಜಾನೆ ಎದ್ದ ಮ್ಯಾಲೆ ಹೇಳ್ತೇನ್ರಿ."

ಹೆಂಗಸರ ಕಡೆ ಕುಳಿತ ಅವ್ವ ತಲೆ ಎತ್ತಲಿಲ್ಲ. ಮನೆಗೆ ಬಂದ ಮೇಲೆ ನನ್ನನ್ನು ಮಾತ್ರ ಕರೆದು, "ತಮ್ಮಾ, ಈಗ ನೋಡ ನಿಂದ ಖರೇ ಕೆಲಸ" ಎಂದಳು.

ಆ ದಿನಗಳು ಹೇಗೆ ಹೋದವು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ನಡಿಗೆ. ನೇಸರಗಿಯ ಬಸ್‌ಸ್ಟ್ಯಾಂಡಿನ ಎದುರೇ ಸೆರೆಯ, ಅಂದರೆ ಸಾರಾಯಿಯ ಅಂಗಡಿ. ಅದನ್ನು ದಾಟುವುದು ಬೇಡವೆಂದು ಅಪ್ಪ ಊರಿಗೆ ಎರಡು ಮೈಲಿ ಮೊದಲೇ ಬಸ್ ಇಳಿಯುತ್ತಿದ್ದ. ಕಡಲೆ ಕಿತ್ತ ಹೊಲಗಳ ಬದುವಿನ ಮೇಲೆ ಅವನು ಮುಂದೆ, ನಾನು ಹಿಂದೆ. ಮೊದಲ ವಾರ ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಗಾರೆ ಹಚ್ಚುವ ಕರಣೆ ಎರಡು ಸಲ ಜಾರಿ ಬಿತ್ತು. ಮೈ ಬೆವರುತ್ತಿತ್ತು, ಅನ್ನ ಸೇರುತ್ತಿರಲಿಲ್ಲ. ಅವ್ವ ನುಚ್ಚು ಬೇಯಿಸಿ ಮಜ್ಜಿಗೆ ಹಾಕಿ ಕೊಟ್ಟರೆ ನಾಲ್ಕು ತುತ್ತು ತಿನ್ನುತ್ತಿದ್ದ. ಸಿಟ್ಟು ಮಾತ್ರ ಹೆಚ್ಚಿತ್ತು. ಕುಡಿದಾಗ ಅಳುತ್ತಿದ್ದವನು ಕುಡಿಯದಿದ್ದಾಗ ಬಾಗಿಲು, ಬಕೆಟ್ಟು, ನಾಯಿ ಎಲ್ಲವನ್ನೂ ಬೈಯುತ್ತಿದ್ದ. ಇದರಲ್ಲಿ ನನಗೆ ಆಗ ದೇವರ ಕೆಲಸ ಏನೂ ಕಾಣಲಿಲ್ಲ. ನನಗೆ ಕಂಡ ಬದಲಾವಣೆ ಒಂದೇ, ಅವನ ಪ್ರಾರ್ಥನೆ ಗಿಡ್ಡವಾಯಿತು. ದೀಪ ಹಚ್ಚುವ ಹೊತ್ತಿಗೆ ಮೊಣಕಾಲೂರಿ, "ಕರ್ತಾ, ಸಂಜಿ ಆಗೇತಿ. ಗಟ್ಟಿ ಹಿಡಕೊ. ಆಮೆನ್" ಎಂದು ಎದ್ದುಬಿಡುತ್ತಿದ್ದ. ಕಣ್ಣು ಮುಚ್ಚಿಕೊಂಡ ಆಯಿ ಇನ್ನೂ ಉದ್ದ ಬರುತ್ತದೆಂದು ಕಾಯುತ್ತಿದ್ದಳು.

"ಇದೇನ ಪ್ರಾರ್ಥನಾ ಮಾಡಿದ್ಯೋ, ಪೋಸ್ಟಾಫೀಸಿನ್ಯಾಗ ತಾರ ಹೊಡದ್ಯೋ?"

"ಕುಡದಾಗ ಆತಗ ಬಾಳ ಹೇಳೇನಬೇ ಯವ್ವಾ. ಕೇಳಿ ಕೇಳಿ ದಣದಿರಬೇಕು. ಈಗರ ಜರಾ ಸುಮ್ಮಕಿರ್ತೇನಿ."

ನಾನು ಪ್ರತಿ ಸಂಜೆ ಅವ್ವನಿಗೆ ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಮೂರನೆಯ ವಾರದ ಹೊತ್ತಿಗೆ ಅವಳು ನನ್ನ ಮುಖ ನೋಡುವುದನ್ನು ಬಿಟ್ಟಳು. ಐದನೆಯ ವಾರ ಅಪ್ಪ ಯಾರಿಗೂ ಹೇಳದೆ ಗಾರೆ ಕಲಸಿ, ನಮ್ಮ ಪಡಸಾಲೆಯ ಒಂದು ಗೋಡೆಗೆ ಗಿಲಾವು ಮಾಡಿದ. ಅವ್ವ ಹೊರಗಿನಿಂದ ನೀರು ತಂದವಳು ಕೊಡ ಇಳಿಸದೆ ಹಾಗೇ ನಿಂತು ನೋಡಿ, "ಆ ಮೂಲ್ಯಾಗ ಒಂಚೂರು ಬಿಟ್ಟೇತಿ" ಎಂದಳು. ನಮ್ಮ ಮನೆಯಲ್ಲಿ ಅದು ದೊಡ್ಡ ಹೊಗಳಿಕೆ.

ಹೀಗೆ ಈಸ್ಟರ್‌ಗೆ ಮುಂಚಿನ ಕೊನೆಯ ವಾರ, ಶ್ರಮವಾರ ಬಂತು. ಗುರುವಾರ ಸಂಜೆ ಪಾದ್ರಿಗಳು ಬಂದು ಕರ್ತನ ಭೋಜನ ನಡೆಸುವುದೆಂದು ಗೊತ್ತಾಗಿತ್ತು. ಬುಧವಾರ ಅವ್ವ ದ್ರಾಕ್ಷಿ ನೆನೆಹಾಕಿದಳು. ಗುರುವಾರ ಬೆಳಿಗ್ಗೆ ಹಿಂಡಿ, ಸೋಸಿ, ಬಾಟಲಿಗೆ ತುಂಬಿ ಬಾಯಿಗೆ ಬಿರಡೆ ಹಾಕಿದಳು. ಆಯಿ ಕೈಯಿಟ್ಟು ಪ್ರಾರ್ಥನೆ ಮಾಡಿದಳು. ಬಾಟಲಿ ಅಡುಗೆಮನೆಯ ಗೋಡೆಯ ಗೂಡಿಗೆ ಹೋಯಿತು. ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಒಬ್ಬ ಬಂದು ಮಾಸ್ತರರಿಗೆ ಸುದ್ದಿ ಮುಟ್ಟಿಸಿದ. ಪಾದ್ರಿಗಳ ಮೋಟರ್‌ಸೈಕಲ್ಲು ದಾರಿಯಲ್ಲಿ ಕೆಟ್ಟು ನಿಂತಿದೆ, ಇವತ್ತು ಬರಲಾಗುವುದಿಲ್ಲ, ಭಾನುವಾರ ಈಸ್ಟರ್ ಬೆಳಿಗ್ಗೆ ಬಂದು ಭೋಜನ ನಡೆಸುತ್ತಾರೆ. ಏಪ್ರಿಲ್ ತಿಂಗಳ ಬಿಸಿಲು. ಒಲೆಯ ಕಾವು ಬೇರೆ. ನಮ್ಮ ಓಣಿಯಲ್ಲಿ ಆಗ ಯಾರ ಮನೆಯಲ್ಲೂ ಫ್ರಿಜ್ ಇರಲಿಲ್ಲ.

ಶನಿವಾರ ಬೆಳಿಗ್ಗೆ ಅಪ್ಪ ಹೊರಗೆ ಹೋಗಿದ್ದ ಹೊತ್ತಿಗೆ, ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಗೂಡಿನಲ್ಲಿ ಟಪ್ಪೆಂದು ಸದ್ದಾಯಿತು. ಬಾಟಲಿಯ ಬಿರಡೆ ಹಾರಿ ಹಿಟ್ಟಿನ ಬುಟ್ಟಿಯಲ್ಲಿ ಬಿದ್ದಿತ್ತು. ರಸದ ಮೇಲೆ ಬಿಳಿ ನೊರೆ. ಅವ್ವ ಬಾಟಲಿ ಇಳಿಸಿ ಮೂಗಿಗೆ ಹಿಡಿದಳು, ಹಾಗೇ ನನ್ನ ಕಡೆ ನೋಡಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಮೂಸಬೇಕಾಗಿಯೇ ಇರಲಿಲ್ಲ. ನಾನು ಹೌದೆಂದು ತಲೆಯಾಡಿಸಿದೆ.

"ಅತ್ತಿ, ರಸಾ ಉಬ್ಬೇತ್ರಿ. ಚೆಲ್ಲತೇನಿ. ಸಂಜಿಕ ಬ್ಯಾರೆ ನೆನಿಹಾಕಿದ್ರಾತು."

ಆಯಿ ಒಲೆಯ ಮುಂದಿನಿಂದ ಏಳಲಿಲ್ಲ. "ಪ್ರಾರ್ಥನಾ ಮಾಡಿದ್ದು ಹೆಂಗ ಕೆಡತೈತಿ?"

"ವಾಸನಿ ನೋಡ್ರಿ ಅತ್ತಿ."

"ನಾ ವಾಸನಿ ನೋಡೂದಿಲ್ಲ. ಕೈಯಿಟ್ಟ ಪ್ರಾರ್ಥನಾ ಮಾಡೇನಿ. ಅದನ್ನ ಬಚ್ಚಲಕ್ಕ ಚೆಲ್ಲಾಕ ನಿನಗ ಧೈರ್ಯ ಐತೇನು? ಐತಿ ಅಂದ್ರ ಚೆಲ್ಲು."

ಅವ್ವನಿಗೆ ಧೈರ್ಯವಿರಲಿಲ್ಲ. ಬೇರೆ ದಿನವಾಗಿದ್ದರೆ ಅವಳು ಅರ್ಧ ತಾಸು ವಾದ ಮಾಡುತ್ತಿದ್ದಳು. ಖಾತೂನಬಿ ಬಂದು ಪಂಚಾಯಿತಿ ಮಾಡುತ್ತಿದ್ದಳು, ಹೇಗೋ ಮಾತು ಹೊರಗೆ ಬಿದ್ದು ಅಪ್ಪನ ಕಿವಿಗೂ ಹೋಗುತ್ತಿತ್ತು. ಆದರೆ ದ್ರಾಕ್ಷಿ ನೀರಿಗೆ ಬಿದ್ದಿತ್ತು, ಇನ್ನೂ ಬಟ್ಟಲಿಗೆ ಸೇರಿರಲಿಲ್ಲ. ಬುಧವಾರದಿಂದ ಶನಿವಾರದವರೆಗೆ ನಮ್ಮ ಮನೆ ಎಂದೂ ಇಲ್ಲದಷ್ಟು ಶಾಂತವಾಗಿತ್ತು. ಜಗಳವಾಡಬಾರದ ಮನೆಯಲ್ಲಿ ಕೆಲವು ನಿಜಗಳನ್ನೂ ಆಡುವುದಕ್ಕೆ ಬರುವುದಿಲ್ಲ ಎಂದು ನನಗೆ ಅನಿಸಿದ್ದು ಎಷ್ಟೋ ವರ್ಷಗಳ ನಂತರ. ಅವ್ವ ಬಿರಡೆ ತೊಳೆದು ಮತ್ತೆ ಹಾಕಿದಳು. ಸ್ವಲ್ಪ ಬೆಲ್ಲ ಕರಗಿಸಿ ಸೇರಿಸಿದಳು. ಹುಳಿ ಮುಚ್ಚುತ್ತದೆ ಎಂದು ಅವಳ ಲೆಕ್ಕ. ಬೆಲ್ಲದಿಂದ ಅದರ ಅಮಲು ಇನ್ನೂ ಏರುತ್ತದೆ ಎಂಬುದು ಅಪ್ಪನಿಗೆ ಗೊತ್ತಿರುತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಗುಟುಕು, ಅಷ್ಟರಲ್ಲಿ ಏನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿರಬೇಕು. ನಾನು ಅಪ್ಪನಿಗೆ ಹೇಳಬಹುದಿತ್ತು. ಶನಿವಾರ ಇಡೀ ಸಂಜೆ ಹೊಲದ ಬದುವಿನ ಮೇಲೆ ಅವನ ಹಿಂದೆ ನಡೆದೆ. ಹೇಳಲಿಲ್ಲ. ಹೇಳಿದರೆ ಆಯಿಯ ಮೇಲೆ ಹೇಳಿದ ಹಾಗಾಗುತ್ತದೆ, ಜಗಳವಾಗುತ್ತದೆ, ಜಗಳವಾದರೆ ರಸ ಕೆಡುತ್ತದೆ ಎಂದು ಹೆದರಿದೆ. ಅದು ಆಗಲೇ ಕೆಟ್ಟಿತ್ತು ಎಂಬುದು ಆ ಹೆದರಿಕೆಯಲ್ಲಿ ಹೊಳೆಯಲಿಲ್ಲ.

ಈಸ್ಟರ್ ಬೆಳಿಗ್ಗೆ ಎಲ್ಲರೂ ಹೊಸ ಅರಿವೆ ಹಾಕಿಕೊಂಡಿದ್ದರು. ಅಪ್ಪ ಮದುವೆಯ ಕಾಲದ ಕೋಟು ಹಾಕಿದ್ದ. ಪಾದ್ರಿಗಳು ಇನ್ನೂ ಹುಡುಗತನ ಬಿಡದ ವಯಸ್ಸಿನವರು, ಕೆಟ್ಟ ಗಾಡಿಯನ್ನು ಸರಿ ಮಾಡಿಸಿಕೊಂಡು ಬಂದು ಧೂಳಿನಲ್ಲೇ ನಿಲುವಂಗಿ ತೊಟ್ಟುಕೊಂಡರು. ಹಾಡು, ಬೈಬಲ್ ಪಾಠ, ಉಪದೇಶದ ಪ್ರಸಂಗ ಎಲ್ಲ ಆಯಿತು. ಭೋಜನಕ್ಕೆ ಗಂಡಸರು ಮೊದಲು, ಆರಾರು ಮಂದಿಯಂತೆ ಮುಂದೆ ಹೋಗಿ ಮೊಣಕಾಲೂರುತ್ತಿದ್ದರು. ಪಾದ್ರಿಗಳು ಮೊದಲು ರೊಟ್ಟಿಯ ತುಂಡು ಕೊಡುತ್ತ ಹೋಗಿ, ಆಮೇಲೆ ಒಂದೇ ಬಟ್ಟಲನ್ನು ಒಬ್ಬರಿಂದ ಒಬ್ಬರ ಬಾಯಿಗೆ ಹಿಡಿಯುತ್ತಿದ್ದರು. ಮಕ್ಕಳಿಗೆ ಭೋಜನವಿಲ್ಲ. ನಾನು ಮೊದಲ ಸಾಲಿನ ಚಾಪೆಯ ಮೇಲೆ ಕುಳಿತಿದ್ದೆ. ಮೊದಲ ಆರು ಮಂದಿಯಲ್ಲಿ ಸತ್ಯಪ್ಪ ಮಾಸ್ತರರು ಕುಡಿದರು, ಒಂದು ಸಲ ಹುಬ್ಬು ಗಂಟಿಕ್ಕಿದರು, ಎದ್ದು ಬಂದರು. ಎರಡನೆಯ ಸಾಲಿನಲ್ಲಿ ಅಪ್ಪ ಹೋದ. ರೊಟ್ಟಿ ತಿಂದ. ಬಟ್ಟಲು ಬಂದಾಗ ಅದನ್ನು ಎರಡೂ ಕೈಯಲ್ಲಿ ಹಿಡಿದ. ತುಟಿಯ ಹತ್ತಿರ ತಂದವನು ಅಲ್ಲೇ ತಡೆದುಬಿಟ್ಟ.

ಎಷ್ಟು ಹೊತ್ತೋ ನನಗೆ ಹೇಳಲು ಬರುವುದಿಲ್ಲ. ಹಾಡುತ್ತಿದ್ದವರ ಹಾಡಿನ ಒಂದು ಚರಣ ಮುಗಿಯಿತು. ಸುಣ್ಣದಲ್ಲಿ ಸೀಳಿದ್ದ ಅವನ ಬೆರಳುಗಳು ಬಟ್ಟಲಿನ ಸುತ್ತ ಬಿಗಿದಿದ್ದವು. ಕೋಟಿನ ಬೆನ್ನು ಏರಿ ಇಳಿಯುತ್ತಿತ್ತು. ಅಂಗಡಿಯ ಎದುರಿನ ದಾರಿ ಬಿಟ್ಟು ಅಷ್ಟು ದಿನ ಎರಡೆರಡು ಮೈಲಿ ನಡೆದಿದ್ದ. ಅದೇ ಅಮಲು ಈಗ ದೇವರ ಮೇಜಿನಿಂದ ಅವನ ಬಾಯಿಗೆ ಬಂದಿತ್ತು. ಅವನು ಬಟ್ಟಲನ್ನು ಕೆಳಗಿಳಿಸಿ, ಎರಡೂ ಕೈಯಿಂದಲೇ ಪಾದ್ರಿಗಳಿಗೆ ವಾಪಸು ಕೊಟ್ಟ.

"ತೊಗೋರಿ ಯೋಸೇಫಪ್ಪ" ಎಂದರು ಪಾದ್ರಿಗಳು, ಮೆಲ್ಲಗೆ.

"ರೊಟ್ಟಿ ತೊಗೊಂಡೇನ್ರಿ ಸಾಹೇಬ್ರ. ನನಗ ಅಷ್ಟ ಸಾಕ್ರಿ."

ನಮ್ಮ ಸಭೆಯಲ್ಲಿ ಬಟ್ಟಲು ಬಿಡುವುದೆಂದರೆ ಸಣ್ಣ ಮಾತಲ್ಲ. ಮನಸ್ಸಿನಲ್ಲಿ ಮುಚ್ಚಿಟ್ಟ ಪಾಪವಿದ್ದವನು ಅದನ್ನು ಮುಟ್ಟಬಾರದು ಎಂದು ಎಲ್ಲರಿಗೂ ಕಲಿಸಿದ್ದರು. ಹಿಂದೆ ತನ್ನ ತಮ್ಮನೊಡನೆ ಮಾತು ಬಿಟ್ಟಿದ್ದ ಒಬ್ಬ ಬಟ್ಟಲು ಬಿಟ್ಟಿದ್ದ. ಸಾಯುವವರೆಗೆ ಜನ ಅವನನ್ನು ಬಟ್ಟಲು ಬಿಟ್ಟವನು ಎಂದೇ ಕರೆದರು. ಅಪ್ಪ ತಿರುಗಿ ಬರುವಾಗ ಗಂಡಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರ ಮುಖಗಳಲ್ಲಿ ಬರೆದದ್ದು ನನಗೆ ಅಕ್ಷರ ಬಾರದೆಯೂ ಓದಲು ಬಂತು. ಕುಡಿದಿದ್ದಾನೆ, ಯಾವಾಗಲೋ ಕದ್ದು ಕುಡಿದಿದ್ದಾನೆ. ಅಪ್ಪ ನನ್ನ ಪಕ್ಕದಲ್ಲಿ ಕುಳಿತು ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಹೆಂಗಸರು ಹೋದರು. ಅವ್ವ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಬಹಳ ಹೊತ್ತು ಏಳಲೇ ಇಲ್ಲ. ಪಕ್ಕದಲ್ಲಿದ್ದ ಆಯಿ ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

ಆರಾಧನೆ ಮುಗಿದು ಹೊರಗೆ ಬೇವಿನ ಮರದ ಕೆಳಗೆ ಎಲ್ಲರೂ ಕೈ ಕುಲುಕುತ್ತಿದ್ದರು. ಅಪ್ಪನ ಕೈ ಯಾರೂ ಹಿಡಿಯಲಿಲ್ಲ. ಮಾಸ್ತರರೇ ಬಂದರು.

"ಏನೋ ಯೋಸೇಫಾ, ನಲವತ್ತ ದಿನಾ ಬಾಯಿಲೆ ಹೇಳಿದ್ದಷ್ಟ ಏನು? ಬಟ್ಟಲಾ ಬಿಟ್ಟಿ ಅಂದ್ರ ಒಳಗ ಏನರೆ ಇರಬೇಕು."

ಅಪ್ಪ ಕೋಟಿನ ಗುಂಡಿ ತೆಗೆಯುತ್ತಿದ್ದ. ಅವ್ವನ ಕಡೆ ನೋಡಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು, ರಸ ಯಾರು ಮಾಡಿದ್ದು ಎಂದು ಎಲ್ಲರಿಗೂ ಗೊತ್ತಿತ್ತು.

"ಖರೇ ಐತ್ರಿ ಮಾಸ್ತರ" ಎಂದ. "ನನ್ನೊಳಗ ಐತಿ. ಅದಕ್ಕ ಬಿಟ್ಟೇನಿ."

ಅಷ್ಟರಲ್ಲಿ ಅವ್ವ ಗಂಡಸರ ಗುಂಪಿನೊಳಗೆ ಬಂದಳು. ಸಭೆಯ ಅಂಗಳದಲ್ಲಿ ಅವಳು ಗಂಡಸರೆದುರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕೈಯಲ್ಲಿ ಶರಬತ್ತಿನ ಬಾಟಲಿಯಿತ್ತು, ತಳದಲ್ಲಿ ಕಾಲು ಭಾಗ ಉಳಿದಿತ್ತು.

"ಮಾಸ್ತರ, ಇದನ್ನ ಮೂಸ ನೋಡ್ರಿ."

"ನಾನೂ ಕುಡದೇನಲ್ಲವಾ. ಜರಾ ಹುಳಿ ಇತ್ತು, ಅಷ್ಟ."

"ನಿಮಗ ಹುಳಿ ಅನಸೇತಿ. ಅವರಿಗೆ ಅದು ಏನಂತ ಗೊತ್ತಾತು." ಅವಳ ದನಿ ಏರಲಿಲ್ಲ. "ನಿನ್ನೇನ ಕೆಟ್ಟಿತ್ರಿ. ನನಗ ಗೊತ್ತಿತ್ತು. ಗೊತ್ತಿದ್ದ ತಂದೇನಿ. ಏನರೆ ಅನ್ನೂದಿದ್ರ ನನಗ ಅನ್ರಿ."

ಹಿಂದಿನಿಂದ ಆಯಿ ಕೋಲು ಊರಿಕೊಂಡು ಬಂದಳು. "ಅಕೀಗ್ಯಾಕ ಅಂತೀರಿ? ಚೆಲ್ಲತೇನಂದ್ಲು. ಚೆಲ್ಲಬ್ಯಾಡ ಅಂದಾಕಿ ನಾನು. ಪ್ರಾರ್ಥನಾ ಮಾಡಿದ್ದು ಕೆಡೂದಿಲ್ಲ ಅಂದೆ."

ಪಾದ್ರಿಗಳು ನಿಲುವಂಗಿ ಮಡಚುತ್ತ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಬಟ್ಟಲಿನಲ್ಲಿ ಉಳಿದದ್ದನ್ನು ಕೊನೆಗೆ ಅವರೇ ಕುಡಿದಿದ್ದರಿಂದ ಅವರಿಗೆ ಯಾರೂ ವಿವರಿಸಿ ಹೇಳಬೇಕಿರಲಿಲ್ಲ.

"ಆಯಿ, ಪ್ರಾರ್ಥನಾ ಮಾಡಿದ ಮನಷ್ಯಾರ ನಾವು ಮೂರ ದಿನಕ್ಕ ಕೆಡತೀವಿ. ದ್ರಾಕ್ಷಿ ಪಾಪ ಯಾವ ಲೆಕ್ಕ?" ಎಂದರು. ಮೊದಲು ನಕ್ಕವರು ಮಾಸ್ತರರೇ. ನಕ್ಕು, ಅಪ್ಪನ ಮುಂದೆ ಕೈ ಚಾಚಿ, ಈಸ್ಟರ್ ದಿನದ ವಂದನೆಯಂತೆ ಕ್ರಿಸ್ತನು ಎದ್ದಿದ್ದಾನೆ ಎಂದರು. ನಿಜವಾಗಿಯೂ ಎದ್ದಿದ್ದಾನೆ ಎನ್ನಬೇಕಾದ ಅಪ್ಪ, "ಹೌದ್ರಿ ಮಾಸ್ತರ" ಎಂದಷ್ಟೇ ಹೇಳಿ ಕೈ ಕೊಟ್ಟ.

ಅಂದಿನಿಂದ ಅಪ್ಪ ಎಂದೂ ಕುಡಿಯಲಿಲ್ಲ ಎಂದು ಬರೆದರೆ ಅದು ಸಾಕ್ಷಿ ಹೇಳುವವರು ಹೇಳುವ ಮಾತಾಗುತ್ತದೆ, ನಿಜವಾಗುವುದಿಲ್ಲ. ಮುಂದೆ ಎರಡು ಸಲ ಬಿದ್ದ. ಒಮ್ಮೆ ಆಯಿ ಹೋದಾಗ, ಒಮ್ಮೆ ಯಾವ ಕಾರಣವೂ ಇಲ್ಲದೆ. ಎರಡೂ ಸಲ ತಾನಾಗಿ ಎದ್ದು ಬಂದು, ಕೆಲವು ತಿಂಗಳು ಭೋಜನಕ್ಕೆ ಹೋಗದೆ ಹಿಂದಿನ ಚಾಪೆಯ ಮೇಲೆ ಕುಳಿತು, ಮತ್ತೆ ಮುಂದೆ ಹೋದ. ನನ್ನ ಕಾವಲು ಕೆಲಸ ಮಾತ್ರ ಆ ಬೇಸಿಗೆಗೆ ಮುಗಿಯಿತು. ಜೂನ್ ತಿಂಗಳಲ್ಲಿ ಹನ್ನೊಂದು ವರ್ಷದ ನನ್ನನ್ನು ಶಾಲೆಯ ಒಂದನೇ ಇಯತ್ತೆಗೆ ಹಾಕಿದರು. ಉದ್ದ ಕಾಲಿನ ನಾನು ಚಿಕ್ಕ ಮಕ್ಕಳ ನಡುವೆ ಕಾಲು ಮಡಚಲಾರದೆ ಕುಳಿತಿರುತ್ತಿದ್ದೆ. ಈಗ ಬೈಲಹೊಂಗಲದಲ್ಲಿ ನನ್ನ ಮನೆಯಿದೆ, ಮನೆಯಲ್ಲಿ ಫ್ರಿಜ್ ಇದೆ, ಇಲ್ಲಿನ ಸಭೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಪುಟ್ಟ ಲೋಟಗಳು ಬಂದಿವೆ. ಬಲದ ಬಗ್ಗೆ, ನಂಬಿಕೆಯ ಬಗ್ಗೆ ಬಹಳ ಪ್ರಸಂಗಗಳನ್ನು ಕೇಳಿದ್ದೇನೆ. ಕೆಲವನ್ನು ನಾನೇ ಹೇಳಿದ್ದೇನೆ. ಹೇಳುವಾಗೆಲ್ಲ ನನಗೆ ಅನುಮಾನವಾಗುತ್ತದೆ. ಅಪ್ಪ ಎಂದೂ ತನ್ನನ್ನು ಬಲವುಳ್ಳವನೆಂದು ತಿಳಿದಿರಲಿಲ್ಲ. ತನ್ನ ಮೇಲೆ ತನಗೆ ಒಂದಿಷ್ಟೂ ವಿಶ್ವಾಸವಿಲ್ಲದ್ದರಿಂದಲೇ ಅವನು ದೇವರನ್ನು ಅಷ್ಟು ಹತ್ತಿರ ಇಟ್ಟುಕೊಂಡಿದ್ದ ಎಂದು ಕಾಣುತ್ತದೆ.

ಆ ಈಸ್ಟರ್ ದಿನ ನಾವು ಮನೆಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಾಟಲಿಯಲ್ಲಿ ಉಳಿದ ರಸವನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. ಬಚ್ಚಲಿಗೆ ಚೆಲ್ಲಲು ಆಯಿ ಒಪ್ಪಲಿಲ್ಲ. ಹಿತ್ತಿಲಿನ ನುಗ್ಗೆಗಿಡದ ಬುಡದಲ್ಲಿ ಗುಂಡಿ ತೋಡಿ ಹಾಕೋಣ ಎಂದಾಯಿತು. ಗುಂಡಿಯನ್ನು ಅಪ್ಪನೇ ತೋಡಿದ. ಅವ್ವ ಬಾಟಲಿಯನ್ನು ಅವನ ಮುಂದೆ ಹಿಡಿದಳು.

"ನೀವ ಚೆಲ್ರಿ. ನಿಮ್ಮ ಕೈಲೇ ಆಗಲಿ."

ಅಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಒಲ್ಲೆ. ಅಷ್ಟ ಗಟ್ಟಿ ಇಲ್ಲ ನಾ. ನೀ ಚೆಲ್ಲು, ನಾ ಹೊರಗ ನಿಂತಿರತೇನಿ."

ಅವನು ಪಡಸಾಲೆ ದಾಟಿ, ಬಾಗಿಲು ದಾಟಿ, ಓಣಿಯಲ್ಲಿ ಬರಿಗಾಲಲ್ಲಿ ನಮ್ಮ ಮನೆಗೆ ಬೆನ್ನು ಮಾಡಿ ನಿಂತ. ನಾನು ಹೊಸ್ತಿಲ ಮೇಲೆ ಕುಳಿತೆ. ಇತ್ತ ಅವನು ಕಾಣುತ್ತಿದ್ದ, ಅತ್ತ ಹಿತ್ತಿಲು ಕಾಣುತ್ತಿತ್ತು. ಆಯಿ ಗುಂಡಿಯ ಮುಂದೆ ಕೈ ಜೋಡಿಸಿ ಬಾಯಿ ತೆರೆದಳು. "ಈಗ ಬ್ಯಾಡ್ರಿ ಅತ್ತಿ" ಎಂದು ಅವ್ವ ಬಾಟಲಿ ಬೋರಲು ಮಾಡಿದಳು. ಮಣ್ಣು ಅದನ್ನು ಕುಡಿಯಿತು. ಅವ್ವ ಮೇಲೆ ಮಣ್ಣೆಳೆದು ತುಳಿದಳು.

"ಆತೇನು?" ಎಂದು ಓಣಿಯಿಂದ ಅಪ್ಪ ಕೂಗಿದ.

"ಆತ್ರಿ. ಬರ್ರಿ ಒಳಗ."

"ಬಾಟ್ಲಿ?"

"ತೊಳಿತೇನ್ರಿ." ನೀರಿನ ಸದ್ದಾಯಿತು. "ತೊಳದೇನಿ, ಬರ್ರಿ."

"ಇನ್ನೊಮ್ಮೆ ತೊಳಿ."

ಅವ್ವ ಬಾಟಲಿಯನ್ನು ಮತ್ತೆ ಎತ್ತಿಕೊಂಡಳು. ಕೊಡದಿಂದ ಮತ್ತೆ ನೀರು ಸುರಿದಳು. ಆ ಸದ್ದು ಪೂರ್ತಿ ನಿಲ್ಲುವವರೆಗೆ ಅಪ್ಪ ಸುಡುವ ನೆಲದ ಮೇಲೆ ಕಾಲು ಬದಲಿಸುತ್ತ ನಿಂತಿದ್ದ. ಸದ್ದು ನಿಂತ ಮೇಲೆ ಒಳಗೆ ಬಂದು, ಕೈಕಾಲು ತೊಳೆದುಕೊಂಡು, ಊಟಕ್ಕೆ ಕುಳಿತ.